ಕುದುರೆ ಮರಿಗಳ ಶ್ವಾಸಕೋಶದ ವ್ಯಾಧಿಯೂ ಅದರ ಲಸಿಕೆಯೂ



ಕುದುರೆಯ ಮರಿಯು ಆರು ತಿಂಗಳು ತುಂಬುವುದರೊಳಗೆ ಕೆಮ್ಮಿ, ಏದುಸಿರು ಬಿಟ್ಟು, ಸೊರಗಿ ಸಾಯುವುದುಂಟು. ಇದನ್ನು ದೃಷ್ಟಿದೋಷವೆಂದು ತಿಳಿಯಬಾರದು. 1923ನೆಯ ಇಸವಿಯಲ್ಲಿ ಸ್ವೀಡನ್ ದೇಶದ ಮ್ಯಾಗ್ನುಸನ್ ಎಂಬವರು ಇದರ ಸೂಕ್ಷ್ಮಜಂತುವನ್ನು ಕಂಡುಹಿಡಿದರು. ಈಗ ಅದಕ್ಕೆ ರೋಡೋಕಾಕಸ್ ಈಕ್ವಿ ಎಂದು ಹೆಸರು. ಅದು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಬೆಳೆದು, ಧೂಳಿನೊಡನೆ ಮರಿಯ ಶ್ವಾಸಕೋಶವನ್ನು ಹೊಕ್ಕು ಕೀವುಗಟ್ಟಿಸುತ್ತದೆ.

ನೂರು ವರ್ಷ ಕಳೆದರೂ ಎಲ್ಲೆಡೆ ಒಪ್ಪಿತವಾದ ಲಸಿಕೆಯು ದೊರೆಯದೇಕೆ? ಈ ಜಂತುವು ತನ್ನನ್ನು ನುಂಗಿ ಕೊಲ್ಲಬೇಕಾದ ರಕ್ಷಕ ಕಣದೊಳಗೇ ಬಾಳುತ್ತದೆ. ಅದಲ್ಲದೆ ಸೋಂಕು ತಗಲುವುದು ಬಹುಮಟ್ಟಿಗೆ ಹುಟ್ಟಿದ ಮೊದಲ ದಿನಗಳಲ್ಲಿಯೇ. ಮರಿಗೆ ಚುಚ್ಚಿದ ಲಸಿಕೆಯು ಫಲಿಸಲು ಕಾಲವೆಲ್ಲಿದೆ? ಆದಕಾರಣ ಗಬ್ಬದ ಕುದುರೆಗೆ ಲಸಿಕೆ ಹಾಕಿ, ಗಿಣ್ಣುಹಾಲಿನ ಮೂಲಕ ಮರಿಯನ್ನು ಕಾಯುವ ಪ್ರಯತ್ನ ನಡೆದಿದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮರಿಗಳಿಗೆ ಬೇಕೆಂದೇ ಜಂತುವನ್ನು ಸೋಕಿಸಿದರು. ಲಸಿಕೆ ಪಡೆದ ತಾಯಂದಿರ 12 ಮರಿಗಳಲ್ಲಿ 11 ಪಾರಾದವು. ಉಳಿದ 7ರಲ್ಲಿ 6 ವ್ಯಾಧಿಗೊಳಗಾದವು. ಸಂಖ್ಯೆ ಚಿಕ್ಕದು, ಇಷ್ಟಕ್ಕೇ ನಾನು ಹಿಗ್ಗಲಾರೆ.

ಸದ್ಯಕ್ಕೆ ಲಾಯದ ಲದ್ದಿಯನ್ನು ದಿನವೂ ತೆಗೆಸಿರಿ. ಧೂಳೇಳುವಲ್ಲಿ ನೀರು ಚಿಮುಕಿಸಿರಿ. ಮರಿಗೆ ಹುಟ್ಟಿದೊಡನೆ ಗಿಣ್ಣುಹಾಲು ಕುಡಿಸಿರಿ. ಮರಿಯು ಕೆಮ್ಮಿದರೆ ಅಂದೇ ಪಶುವೈದ್ಯರಿಗೆ ಹೇಳಿಕಳುಹಿಸಿರಿ.