ಹಾರಾಟ ಮುಗಿಸಿದ ವಿಮಾನಗಳು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು ವಿಮಾನಗಳ ವಿಚಾರವನ್ನು ಎತ್ತಿಕೊಂಡರೆ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾದೀತು. ದಿಂಬದ ಘಟ್ಟದ 27 ತಿರುವುಗಳನ್ನು ಬಸ್ಸಿನಲ್ಲಿ ಹತ್ತಿ ಇಳಿಯುವ ನಮಗೂ ವಿಮಾನಕ್ಕೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ಉಂಟು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಮಕ್ಕಳಿಂದ ಆರಂಭಿಸೋಣ.

ಚಾಮರಾಜನಗರ, ಮೈಸೂರುಗಳ ದಾರಿಯಾಗಿ ಬೆಂಗಳೂರಿಗೆ ಪ್ರವಾಸ ಹೋಗುವ ನಮ್ಮ ಮಕ್ಕಳು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೋಡುವುದುಂಟು. ಅಲ್ಲಿ ‘ಮಾರುತ’ ಎಂಬ ಯುದ್ಧವಿಮಾನ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಶಿಲ್ಪಿಯ ಮುಂದಾಳುತನದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಸುರಂಜನ ದಾಸರ ಕೈಯಲ್ಲಿ ಮೊದಲು ಆಕಾಶಕ್ಕೇರಿದ ಜಾತಿಯ ವಿಮಾನವದು. ಅಂಥವು 147 ತಯಾರಾದವು. 1970ರಲ್ಲಿ ಅದೇ ಜಾತಿಯ ವಿಮಾನವೊಂದನ್ನು ಪರೀಕ್ಷಿಸುತ್ತಿದ್ದಾಗ ದಾಸರು ಪ್ರಾಣಬಿಟ್ಟರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. 1990ರ ಹೊತ್ತಿಗೆ ಮಾರುತಗಳ ಸೇವೆ ಮುಗಿಯಿತು. ಅದರ ಮುಂದೆ ನಿಂತ ಹುಡುಗನ ಬಾಯಲ್ಲಿ ಮೊದಲು ಬರುವ ಪ್ರಶ್ನೆ: “ಇದು ಈಗಲೂ ಹಾರುತ್ತದೆಯೆ? ಇಲ್ಲವಾದರೆ ಏಕೆ ಇಟ್ಟಿದ್ದಾರೆ?”

ಹುಡುಗರ ಈ ಪ್ರಶ್ನೆಯೇ ದೊಡ್ಡವರ ಆಕ್ಷೇಪಗಳಾಗಿ ಬೆಳೆದು ಲೋಕದ ವಿಮಾನ ಸಂಗ್ರಹಾಲಯಗಳ ಬಾಗಿಲನ್ನು ತಟ್ಟುತ್ತಿದೆ. ಮಳೆಬಿಸಿಲಿನಲ್ಲಿ ಏಕೆ ನಿಲ್ಲಿಸಿದ್ದೀರಿ ಎಂದು ಕೆಲವರು, ಏಕೆ ಹಾರಿಸುವುದಿಲ್ಲ ಎಂದು ಕೆಲವರು, ಇದರ ಮೈಮೇಲೆ ಬರೆದಿರುವ ಹೆಸರು ನಿಜವೆ ಎಂದು ಇನ್ನು ಕೆಲವರು ಕೇಳುತ್ತಾರೆ. ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಮೆ. ನನ್ನ ಮನಸ್ಸನ್ನು ಹಿಡಿದಿರುವುದು ಅದೇ.

ಮಳೆಬಿಸಿಲಿನ ಮಾತು ಮೊದಲು. ವಿಮಾನದ ಮೈ ಬಹುಮಟ್ಟಿಗೆ ಅಲ್ಯೂಮಿನಿಯಂ ಬೆರಕೆಯ ತೆಳುವಾದ ತಗಡು. ಅದಕ್ಕೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲವೆಂದು ನಾವು ನೆಮ್ಮದಿಯಾಗಿರುತ್ತೇವೆ. ಆದರೆ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡನ್ನು ಮುಟ್ಟುವ ಕಡೆ ತೇವವೂ ಉಪ್ಪೂ ಸೇರಿದರೆ ತಗಡು ಒಳಗೊಳಗೇ ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ. ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ರೆಕ್ಕೆಯ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ. ನೀರು ಹರಿದುಹೋಗುವ ತೂತು ಕಟ್ಟಿಕೊಳ್ಳುತ್ತದೆ. ಬಿಸಿಲಿಗೆ ಗಾಜಿನಂಥ ಮುಚ್ಚಳ ಹಳದಿಯಾಗಿ ಸೀಳುತ್ತದೆ. ಭಾರತೀಯ ನೌಕಾಪಡೆಯ ಟುಪೊಲೆವ್ 142 ಎಂಬ ಭಾರಿ ವಿಮಾನಗಳು 2017ರಲ್ಲಿ ನಮ್ಮ ತಮಿಳುನಾಡಿನ ಅರಕ್ಕೋಣದಲ್ಲಿ ನಿವೃತ್ತಿ ಹೊಂದಿದವು. ಒಂದು ವಿಶಾಖಪಟ್ಟಣದ ಕಡಲತೀರಕ್ಕೆ ಹೋಯಿತು. ಇನ್ನೊಂದನ್ನು ಬಿಡಿಬಿಡಿಯಾಗಿ ಬಿಚ್ಚಿ, 2023ರಲ್ಲಿ ಕಾರವಾರಕ್ಕೆ ಸಾಗಿಸಿ, ರವೀಂದ್ರನಾಥ ಠಾಕೂರರ ಹೆಸರಿನ ಕಡಲತೀರದಲ್ಲಿ ಜೋಡಿಸಿದರು. ಜನರು ಸುಲಭವಾಗಿ ನೋಡುವಂಥ ಸ್ಥಳ, ಸಂತೋಷವೇ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಸುರಿಯುವ ಕರಾವಳಿಯ ಮಳೆ, ಎಲ್ಲ ಕಾಲದಲ್ಲೂ ಬೀಸುವ ಉಪ್ಪುಗಾಳಿ. ಅಲ್ಲಿ ವಿಮಾನವನ್ನು ನಿಲ್ಲಿಸಿದವರು ಅದನ್ನು ಸಿಹಿನೀರಿನಿಂದ ತೊಳೆಯುವ ಹರಕೆಯನ್ನೂ ಹೊತ್ತಂತೆಯೇ ಸರಿ.

ಈ ವಿಚಾರದಲ್ಲಿ ಜನರ ಕೂಗು ಫಲಿಸಿದ ಉದಾಹರಣೆಯೊಂದನ್ನು ಅಮೆರಿಕದಿಂದ ಕೊಡಬಹುದು. ‘ಮೆಂಫಿಸ್ ಬೆಲ್’ ಎಂಬ ಬಾಂಬರ್ ವಿಮಾನವನ್ನು ಯುದ್ಧ ಮುಗಿದ ಮೇಲೆ ಮೆಂಫಿಸ್ ನಗರದವರು 350 ಡಾಲರಿಗೆ ಕೊಂಡು ತಂದರು. ದಶಕಗಳ ಕಾಲ ಅದು ಬಯಲಿನಲ್ಲಿ ನಿಂತಿತು. ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಸಾಮಾನು ಕಿತ್ತುಕೊಂಡು ಹೋದರು. ಊರಿನ ಅಭಿಮಾನಿಗಳು ಹಣ ಕೂಡಿಸಿ 1987ರಲ್ಲಿ ಒಂದು ಚಾವಣಿ ಕಟ್ಟಿಸಿದರು, ಅದೂ ಸಾಲಲಿಲ್ಲ. 2005ರಲ್ಲಿ ವಾಯುಪಡೆಯ ಸಂಗ್ರಹಾಲಯ ಅದನ್ನು ಡೇಟನ್ನಿಗೆ ಒಯ್ದು, ಹನ್ನೆರಡು ವರ್ಷಗಳಿಗೂ ಮೀರಿ ದುರಸ್ತಿ ಮಾಡಿ, 2018ರ ಮೇ ತಿಂಗಳಲ್ಲಿ ಕಟ್ಟಡದೊಳಗೆ ಪ್ರದರ್ಶನಕ್ಕಿಟ್ಟಿತು. ಮೆಂಫಿಸ್ ಊರಿನ ಹೆಸರನ್ನು ಹೊತ್ತ ವಿಮಾನ ಮೆಂಫಿಸ್‌ನಲ್ಲಿಲ್ಲ. ವಿಮಾನ ಉಳಿಯಿತು, ಊರು ಕಳೆದುಕೊಂಡಿತು. ಅದು ಸರಿಯೋ ತಪ್ಪೋ, ನೀವೇ ತೀರ್ಮಾನಿಸಿರಿ. ಉಳಿದದ್ದೇ ಲೇಸೆಂದು ನನ್ನ ಭಾವನೆ.

ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯದವರು 2013ರಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಕಡಲ ತಳದಲ್ಲಿದ್ದ ಡಾರ್ನಿಯರ್ ವಿಮಾನವೊಂದನ್ನು ಮೇಲೆತ್ತಿದರು. ಅದರ ಮೈಯ ಉಪ್ಪನ್ನು ಬಿಡಿಸಲು ಅವರು ಬಳಸಿದ್ದು ನಿಂಬೆಹಣ್ಣಿನಲ್ಲಿರುವ ಆಮ್ಲವನ್ನು ನೀರಿಗೆ ಬೆರೆಸಿದ ದ್ರವ. ಹುಣಸೆಹಣ್ಣಿನಿಂದ ಹಿತ್ತಾಳೆಯ ಕೊಡವನ್ನು ಬೆಳಗುವ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯೇನಲ್ಲ!

ಹಾರಿಸಬೇಕೆಂಬುವರ ಮಾತಿಗೂ ತೂಕವುಂಟು. ಎಂಜಿನ್ನಿನ ಸದ್ದಿಲ್ಲದ ವಿಮಾನ ಶ್ರುತಿ ಹಿಡಿಯದ ವೀಣೆಯಂತೆ. ಆದರೆ ಹಾರುವ ವಿಮಾನದಲ್ಲಿ ಸವೆದ ಭಾಗವನ್ನು ತೆಗೆದು ಹೊಸದನ್ನು ಹಾಕಲೇಬೇಕು. ತೇರಿನ ಅಚ್ಚು ಮುರಿದರೆ ಅಚ್ಚು, ಗಾಲಿ ಸೀಳಿದರೆ ಗಾಲಿ ಬದಲಾಯಿಸುತ್ತೇವೆ. ತೇರು ಎಳೆಯುವುದಕ್ಕಾಗಿಯೇ ಇದೆ. ಸಂಗ್ರಹಾಲಯಕ್ಕೆ ಆ ಸ್ವಾತಂತ್ರ್ಯವಿಲ್ಲ, ಹಳೆಯ ಭಾಗವೇ ಅದರ ಬಂಡವಾಳ. ಅಲ್ಲದೆ ಅಪಾಯವೂ ಉಂಟು. ಅಮೆರಿಕದ ಕಾಲಿಂಗ್ಸ್ ಸಂಸ್ಥೆ ಹಳೆಯ ಯುದ್ಧವಿಮಾನಗಳಲ್ಲಿ ಸಾರ್ವಜನಿಕರನ್ನು ಕೂರಿಸಿ ಹಾರಿಸುತ್ತಿತ್ತು. 2019ರ ಅಕ್ಟೋಬರ್ 2ರಂದು ಅದರ ಬಾಂಬರೊಂದು ಕನೆಕ್ಟಿಕಟ್ ರಾಜ್ಯದಲ್ಲಿ ಬಿದ್ದು 7 ಮಂದಿ ಸತ್ತರು. ಮರುವರ್ಷ ಸರ್ಕಾರ ಆ ಸಂಸ್ಥೆಯ ಪ್ರಯಾಣಿಕ ಹಾರಾಟದ ಅನುಮತಿಯನ್ನು ಹಿಂತೆಗೆದುಕೊಂಡಿತು.

ಇದೇ ಸಂಸ್ಥೆಯ ಇನ್ನೊಂದು ವಿಮಾನ ನನ್ನನ್ನು ಬೆಂಗಳೂರಿಗೆ ಹಿಂದಿರುಗಿಸುತ್ತದೆ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ಬೆಂಬಲದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿತು. ಯುದ್ಧಕಾಲದಲ್ಲಿ ಅಲ್ಲಿನ ಕೆಲಸಗಾರರು ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡುವುದರಲ್ಲಿ ಪಳಗಿದರು. ಯುದ್ಧ ಮುಗಿಯಿತು. ಅಮೆರಿಕ ಬ್ರಿಟನ್ನಿಗೆ ಒದಗಿಸಿದ್ದ ‘ಲಿಬರೇಟರ್’ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಮತ್ತಾರ ಉಪಯೋಗಕ್ಕೂ ಬಾರದಂತೆ ಕೆಡಿಸಿ ಕಾನ್ಪುರದ ಬಯಲಿನಲ್ಲಿ ಬಿಟ್ಟುಹೋದರು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 110 ಅಡಿ. ಅಂಥ ದೈತ್ಯಗಳ ರುದ್ರಭೂಮಿ ಅದು. ಸ್ವತಂತ್ರ ಭಾರತದ ವಾಯುಪಡೆಗೆ ಭಾರಿ ಬಾಂಬರುಗಳು ಬೇಕಾದಾಗ ಬೆಂಗಳೂರಿನ ಕಾರ್ಖಾನೆಯವರು ಕಾನ್ಪುರಕ್ಕೆ ಹೋದರು. ಒಂದರ ಬಾಲವನ್ನು ಇನ್ನೊಂದಕ್ಕೆ, ಇನ್ನೊಂದರ ಎಂಜಿನ್ನನ್ನು ಮತ್ತೊಂದಕ್ಕೆ ಕೂಡಿಸಿ, ಹಾರುವಷ್ಟು ಮಾತ್ರ ಸರಿಮಾಡಿದರು. ಪರೀಕ್ಷಾ ಚಾಲಕ ಜಮ್‌ಶೆದ್ ಮುನ್ಷಿಯವರು ಅವುಗಳನ್ನು 1948ರಲ್ಲಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಕಾರ್ಖಾನೆಯಲ್ಲಿ ಅವುಗಳಿಗೆ ಪೂರ್ಣವಾದ ಪುನರ್ಜನ್ಮವಾಯಿತು. ಹೀಗೆ ಉಳಿದವು 42 ಎಂದು ಲೆಕ್ಕ. 1968ರ ಕೊನೆಯವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು.

ಲೋಕದಲ್ಲಿ ತಯಾರಾದ ಲಿಬರೇಟರುಗಳು 18,000ಕ್ಕೂ ಹೆಚ್ಚು. ತಯಾರಿಸಿದ ದೇಶದಲ್ಲಿ ಅವನ್ನು ಯುದ್ಧಾನಂತರ ಕರಗಿಸಿ ಅಲ್ಯೂಮಿನಿಯಂ ಮಾಡಿದರು. ಇಂದು ಪೂರ್ಣ ರೂಪದಲ್ಲಿ ಉಳಿದಿರುವವು ಇಪ್ಪತ್ತರೊಳಗೆ; ಅವುಗಳಲ್ಲಿ ಒಂದು ದೊಡ್ಡ ಪಾಲು ಭಾರತದಿಂದ ಹೋದವು. ಕೆನಡಾದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಒಂದು, ಅಮೆರಿಕದ ಟೂಸಾನ್ ನಗರದ ಸಂಗ್ರಹಾಲಯಕ್ಕೆ ಒಂದು, 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯಕ್ಕೆ ಒಂದು. ಒಂದು ದೆಹಲಿಯ ಪಾಲಂನಲ್ಲಿರುವ ನಮ್ಮ ವಾಯುಪಡೆಯ ಸಂಗ್ರಹಾಲಯದಲ್ಲಿದೆ. ಕಾಲಿಂಗ್ಸ್ ಸಂಸ್ಥೆಯದೂ ಇದೇ ಬಳಗಕ್ಕೆ ಸೇರಿದುದು: 1981ರಲ್ಲಿ ಇಂಗ್ಲೆಂಡಿನವರೊಬ್ಬರು ಕೊಂಡೊಯ್ದರು, 1984ರಲ್ಲಿ ಈ ಸಂಸ್ಥೆ ಪಡೆಯಿತು, 1989ರಲ್ಲಿ ಅದು ಮತ್ತೆ ಹಾರಿತು.

ಹಾರಿತು, ಆದರೆ ಯಾವ ಹೆಸರಿನಲ್ಲಿ? ಮೊದಲು ‘ಆಲ್ ಅಮೆರಿಕನ್’. ಆಮೇಲೆ ಬಣ್ಣ ಬದಲಾಗಿ ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’. ಅನಂತರ ‘ವಿಚ್‌ಕ್ರಾಫ್ಟ್’. ಇವೆಲ್ಲ ಯುದ್ಧದಲ್ಲಿ ಹೋರಾಡಿದ ಬೇರೆ ಬೇರೆ ಅಮೆರಿಕನ್ ವಿಮಾನಗಳ ಹೆಸರುಗಳು. ತಮ್ಮ ಸೈನಿಕರನ್ನು ಸ್ಮರಿಸಲು ಅವರು ಹಾಗೆ ಮಾಡಿದರು. ಅದನ್ನು ನಾನು ಹಳಿಯುವುದಿಲ್ಲ. ಭಾರತದಲ್ಲಿ ಅದು ಸೇವೆ ಮಾಡಿದ ಸಂಗತಿಯನ್ನೂ ಸಂಸ್ಥೆ ತನ್ನ ಬರಹದಲ್ಲಿ ಮುಚ್ಚಿಟ್ಟಿಲ್ಲ. ಆದರೆ ವಿಮಾನದ ಮೈಯನ್ನು ನೋಡುವ ಮಗುವಿಗೆ ಕಾನ್ಪುರವಾಗಲಿ ಬೆಂಗಳೂರಾಗಲಿ ಕಾಣಿಸದು. ಇಪ್ಪತ್ತು ವರ್ಷ ಅದನ್ನು ಬದುಕಿಸಿದ ಕೈಗಳ ಗುರುತು ಬಣ್ಣದ ಅಡಿಯಲ್ಲಿ ಹೋಯಿತು. ಗುಡಿಯ ಮುಂದಿನ ವೀರಗಲ್ಲಿಗೆ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿದು ಅಕ್ಷರ ತುಂಬಿಹೋಗಿರುವುದನ್ನು ನೀವೂ ಕಂಡಿರಬಹುದು. ಭಕ್ತಿಯಲ್ಲಿ ಕೊರತೆಯಿಲ್ಲ, ಶಾಸನ ಮಾತ್ರ ಓದಲು ಬಾರದು.

ಬ್ರಿಟನ್ನಿನ ಸಂಗ್ರಹಾಲಯ ಇದಕ್ಕೆ ಬೇರೊಂದು ಉತ್ತರ ಕಂಡುಕೊಂಡಿದೆ. ತನ್ನಲ್ಲಿರುವ ಒಂದೊಂದು ವಿಮಾನಕ್ಕೂ ಅದು ಹುಟ್ಟಿದಂದಿನಿಂದ ಯಾವ ತಾರೀಖಿನಲ್ಲಿ ಎಲ್ಲಿತ್ತು, ಯಾರು ಕೆಡಿಸಿದರು, ಯಾರು ಸರಿಮಾಡಿದರು, ಯಾವಾಗ ಯಾವ ಬಣ್ಣ ಬಳಿದರು ಎಂಬ ಜಾತಕವನ್ನು ಬರೆಯಿಸಿ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಜನರ ಅನುಮಾನಕ್ಕೆ ಇದಕ್ಕಿಂತ ಯೋಗ್ಯವಾದ ಉತ್ತರವನ್ನು ನಾನು ಕಾಣೆ.

ನಮ್ಮವರೂ ಇದೇ ಪ್ರಶ್ನೆಯನ್ನು ಎದುರಿಸಬೇಕಾಗಿದೆ. 2018ರಲ್ಲಿ ರಾಜೀವ್ ಚಂದ್ರಶೇಖರರು, ಡಕೋಟಾ ಚಾಲಕರಾಗಿದ್ದ ತಮ್ಮ ತಂದೆಯವರ ಗೌರವಾರ್ಥವಾಗಿ, ಇಂಗ್ಲೆಂಡಿನಲ್ಲಿ ಸರಿಪಡಿಸಿದ ಡಕೋಟಾ ವಿಮಾನವೊಂದನ್ನು ವಾಯುಪಡೆಗೆ ಅರ್ಪಿಸಿದರು. ‘ಪರಶುರಾಮ’ ಎಂದು ಅದಕ್ಕೆ ಹೆಸರು, ವಿ.ಪಿ. 905 ಎಂಬುದು ಸಂಖ್ಯೆ. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನು ಇಳಿಸಿದ ಡಕೋಟಾದ ಸಂಖ್ಯೆಯದು. ಆದರೆ ಈ ವಿಮಾನವೇ ಆ ವಿಮಾನವಲ್ಲ. ಸಂಖ್ಯೆಯನ್ನು ಗೌರವದಿಂದ ಎರವಲು ಪಡೆದದ್ದೆಂದು ಪಕ್ಕದಲ್ಲಿ ನಾಲ್ಕು ಸಾಲು ಬರೆದರೆ ಗೌರವಕ್ಕೆ ಕುಂದಿಲ್ಲ. ಬರೆಯದಿದ್ದರೆ, ಐವತ್ತು ವರ್ಷಗಳ ಮೇಲೆ ನಮ್ಮ ಮೊಮ್ಮಕ್ಕಳು ಇದನ್ನೇ ಅದೆಂದು ತಿಳಿದಾರು.

ಈಗ, ಆರಂಭದಲ್ಲಿ ಹೇಳಿದ ನಂಟು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಹೊರಗಿನ ಫಲಕದಲ್ಲಿ ಒಂದು ಮಾತು, ಒಲೆಯ ಮುಂದೆ ಇನ್ನೊಂದು ಮಾತು ಎಂಬ ಬದುಕು ನಮಗೆ ರೂಢಿಯಾಗಿದೆ. ಫಲಕದ ಮೇಲೆ ನಮಗೆ ಸಿಟ್ಟಿಲ್ಲ. ಒಳಗಿರುವುದೇನೆಂದು ಕೇಳಿದವರಿಗೆ ಹೇಳಬೇಕೆಂಬ ಹಂಬಲವಷ್ಟೆ. ಆದುದರಿಂದ ‘ಆಲ್ ಅಮೆರಿಕನ್’ ಎಂದು ಬರೆಸಿಕೊಂಡು ಹಾರಿದ ಆ ಬೆಂಗಳೂರಿನ ವಿಮಾನದ ಕಥೆ ಇತರರಿಗಿಂತ ನಮಗೆ ಬೇಗ ಅರ್ಥವಾದೀತೆಂದು ನನಗನ್ನಿಸಿತು.

ಲಿಬರೇಟರುಗಳ ಕಥೆಯಲ್ಲಿ ಮುನ್ಷಿಯವರ ಹೆಸರು ಪುಸ್ತಕಗಳಲ್ಲಿದೆ. ತಗಡು ಕತ್ತರಿಸಿದವರು, ರಿವೆಟ್ಟು ಹೊಡೆದವರು, ಎಂಜಿನ್ನಿನೊಳಗಿನ ಕೊಳೆಯನ್ನು ತೆಗೆದವರು ಯಾರೆಂದು ಹುಡುಕಿದರೆ ಹೆಸರುಗಳು ಸಿಗುವುದು ಕಷ್ಟ. ಹೊಲ ಬಿಟ್ಟು ಬೆಂಗಳೂರಿನ ಕಾರ್ಖಾನೆಗಳಿಗೆ ಹೋದವರು ಎಲ್ಲ ಸೀಮೆಗಳಲ್ಲೂ ಇದ್ದಾರೆ. ನಿಮ್ಮ ಮನೆಯ ಅಜ್ಜನೋ ದೊಡ್ಡಪ್ಪನೋ ವಿಮಾನ ಕಾರ್ಖಾನೆಯಲ್ಲಿ ದುಡಿದಿದ್ದರೆ, ಅವರ ಗೇಟುಪಾಸು, ಸಂಬಳದ ಚೀಟಿ, ಗೆಳೆಯರೊಡನೆ ತೆಗೆಸಿಕೊಂಡ ಪಟ, ಏನಿದ್ದರೂ ಪೆಟ್ಟಿಗೆಯ ತಳದಿಂದ ತೆಗೆಯಿರಿ. ಪಟದ ಹಿಂಭಾಗದಲ್ಲಿ ಯಾರು ಯಾರು ನಿಂತಿದ್ದಾರೆ, ಯಾವ ವರ್ಷ, ಯಾವ ವಿಭಾಗ ಎಂದು ಹಿರಿಯರು ಇರುವಾಗಲೇ ಕೇಳಿ ಪೆನ್ಸಿಲಿನಲ್ಲಿ ಬರೆಯಿರಿ; ಶಾಯಿ ಕಾಗದವನ್ನು ತಿನ್ನುತ್ತದೆ. ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಇನ್ನೊಂದನ್ನು ಸಂಘಕ್ಕೆ ತಲಪಿಸಿರಿ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ 2001ರಲ್ಲಿ ತೆರೆದ ಕಾರ್ಖಾನೆಯ ಸ್ವಂತ ಸಂಗ್ರಹಾಲಯವಿದೆ. ನಮ್ಮ ಹುಡುಗರು ಮುಂದಿನ ಪ್ರವಾಸಕ್ಕೆ ಹೋಗುವಾಗ ಆ ಪ್ರತಿಗಳನ್ನು ಕೈಯಾರೆ ಒಯ್ದು ಕೊಡಲಿ.