ಸೀತನಿ ತಿನ್ನೋಣ, ಬೀಜ ಉಳಿಸೋಣ



ಸೀತನಿ ಎಂದರೆ ಸಿಹಿ ತೆನೆ ಅಂತಾರ. ಇದು ಹೊಲದಾಗೇ ಹುಟ್ಟಿದ ತಿನಿಸು.

ಕಲಬುರಗಿ ಸೀಮೆಯ ಎರಿ ಹೊಲದಲ್ಲಿ ಹಿಂಗಾರಿ ಜೋಳ ಬೆಳೀತದ. ಡಿಸೆಂಬರ್, ಜನವರಿಯಲ್ಲಿ ಎಳೆ ಕಾಳಿಗೆ ಹಾಲು ತುಂಬತದ. ಆಗ ತೆನೆ ಮುರಿಯಬೇಕು. ಬಲಿತರೆ ಸಿಹಿ ಹೋಗತದ.

ಮಾಡೋದು ಹೀಗೆ:

ಕುಳ್ಳು ಸುಟ್ಟು ಕೆಂಡ ಮಾಡಿರಿ.
ತೆನೆಯನ್ನು ಕೆಂಡದಾಗ ತಿರುವಿ ತಿರುವಿ ಸುಡಿರಿ.
ಬಿಸಿ ಇದ್ದಾಗಲೇ ತಿಕ್ಕಿ ಕಾಳು ಬಿಡಿಸಿರಿ.
ಮೊರದಾಗ ಕೇರಿರಿ.
ಬೆಲ್ಲ, ಒಣಕೊಬ್ಬರಿ ಕೂಡಿಸಿ ತಿನ್ನಿರಿ.

ಸೀತನಿಗೆಂದೇ ಸಿಹಿ ಕಾಳಿನ ತಳಿಗಳು ಅದಾವ. ಈಗ ತೊಗರಿ ಹೆಚ್ಚಾಗ್ಯದ, ಜೋಳ ಕಡಿಮೆ ಆಗ್ಯದ. ಬೀಜ ಹೋದರೆ ರುಚಿನೂ ಹೋಗತದ.

ಅದಕ್ಕೆ ನಾಲ್ಕು ಒಳ್ಳೆ ತೆನೆ ಸುಡದೆ ಹೊಲದಾಗೇ ಬಿಡಿರಿ. ಬಲಿತ ಮೇಲೆ ಒಣಗಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ಇಡಿರಿ. ಗಡಿಗೆ ಮೇಲೆ ಬೀಜದ ಹೆಸರು ನೀವೇ ಬರೆಯಿರಿ.