ನೆಲದಡಿಯ ಯಂತ್ರವೂ ಗಾಜಿನ ಎಳೆಯೂ
(ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘದ ಪ್ರಾರಂಭೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ವಾರ್ಷಿಕೋತ್ಸವದ ರಾತ್ರಿ ನಮ್ಮ ಮಕ್ಕಳು ನಾಟಕವನ್ನಾಡುತ್ತಿದ್ದಾಗ ಧ್ವನಿವರ್ಧಕವು ಮಾತನ್ನು ಬಿಟ್ಟು ಜೇನುಗೂಡಿನಂತೆ ಗುಂಯ್ಗುಡತೊಡಗಿದುದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೈಕಿನ ತಂತಿಯನ್ನು ಜನರೇಟರಿನ ದಪ್ಪ ತಂತಿಯೊಡನೆ ಒಟ್ಟಿಗೆ ಕಟ್ಟಿದ್ದರು. ಅದನ್ನು ಬಿಡಿಸಿ ನಾಲ್ಕು ಮಾರು ದೂರಕ್ಕೆ ಎಳೆದ ಕೂಡಲೇ ಗದ್ದಲವು ನಿಂತುಹೋಯಿತು. ಮರುದಿನ ಎಂಟನೆಯ ತರಗತಿಯ ಬಾಲಕನೊಬ್ಬನು ಬಂದು, "ಮಾಷ್ಟ್ರೇ, ಒಂದು ತಂತಿ ಇನ್ನೊಂದಕ್ಕೆ ತಾಗಿರಲಿಲ್ಲ, ನಡುವೆ ರಬ್ಬರೂ ಇತ್ತು. ಸದ್ದು ದಾಟಿದ್ದು ಹೇಗೆ?" ಎಂದು ಕೇಳಿದನು. ಅಲ್ಲಿಯೇ ನಿಂತಿದ್ದ ಪೋಷಕರೊಬ್ಬರು ನಕ್ಕು, "ಇದನ್ನೆಲ್ಲ ಕನ್ನಡದಲ್ಲಿ ಹೇಳಲಾದೀತೇ ಮಾಷ್ಟ್ರೇ? ಮುಂದೆ ದೊಡ್ಡ ವಿಜ್ಞಾನಕ್ಕೆ ಹೋದಾಗ ಇವನ ಗತಿಯೇನು?" ಎಂದರು. ಅವರ ಮಾತಿನಲ್ಲಿ ಹಾಸ್ಯಕ್ಕಿಂತ ಚಿಂತೆಯೇ ಹೆಚ್ಚಾಗಿತ್ತೆಂದು ನಮಗೆ ತೋರಿತು. ಅಂದು ಇಬ್ಬರಿಗೂ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಆದುದರಿಂದ ಇಂದು ದೊಡ್ಡ ವಿಜ್ಞಾನದ್ದೇ ಒಂದು ಸಂಗತಿಯನ್ನು ಆರಿಸಿಕೊಂಡು ಬಂದಿದ್ದೇವೆ.

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ೧೯೫೪ರಲ್ಲಿ ಸ್ಥಾಪಿತವಾದ 'ಸರ್ನ್' ಎಂಬ ಸಂಶೋಧನಾಲಯವಿದೆ. ೨೦೧೭ರಿಂದ ನಮ್ಮ ಭಾರತವೂ ಅದರ ಸಹ ಸದಸ್ಯ ರಾಷ್ಟ್ರ. ಅಲ್ಲಿ ಭೂಮಿಯ ಕೆಳಗೆ, ಸರಾಸರಿ ನೂರು ಮೀಟರು ಆಳದಲ್ಲಿ, ಇಪ್ಪತ್ತೇಳು ಕಿಲೋಮೀಟರು ಸುತ್ತಳತೆಯ ಬಳೆಯಾಕಾರದ ಸುರಂಗವೊಂದನ್ನು ಕೊರೆದಿದ್ದಾರೆ. ಸುರಂಗವೆಂದರೆ ಕಾಸರಗೋಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದಿಲ್ಲ. ನಮ್ಮ ಹಿರಿಯರು ಮುರಕಲ್ಲನ್ನು ಕೊರೆದು ನೀರನ್ನು ಹುಡುಕಿದರು, ಅವರು ಕಣಗಳನ್ನು ಹುಡುಕಲು ಕೊರೆದರು. ಗಡಿನಾಡಿನವರಾದ ನಮಗೆ ರುಚಿಸುವ ಇನ್ನೊಂದು ವಿಷಯವೂ ಉಂಟು: ಆ ಸುರಂಗವು ಸ್ವಿಟ್ಜರ್ಲೆಂಡು ಫ್ರಾನ್ಸುಗಳ ಗಡಿಯನ್ನು ನೆಲದಡಿಯಲ್ಲಿ ದಾಟಿ ಹೋಗಿ ಮರಳಿ ಬರುತ್ತದೆ.

ಈ ಬಳೆಯೊಳಗೆ ಪ್ರೋಟಾನುಗಳೆಂಬ ಅತಿಸೂಕ್ಷ್ಮ ಕಣಗಳ ಗೊಂಚಲುಗಳನ್ನು ಎದುರುಬದುರಾಗಿ ಓಡಿಸಿ ಒಂದಕ್ಕೊಂದು ತಾಗಿಸುತ್ತಾರೆ. ತಾಗಿದಲ್ಲಿ ಹುಟ್ಟುವ ಹೊಸ ಕಣಗಳ ಜಾಡನ್ನು ಹಿಡಿಯುವ ಯಂತ್ರಕ್ಕೆ ನಾವು ಶೋಧಕವೆಂದು ಹೆಸರಿಡೋಣ. ಅಂತಹ ಶೋಧಕಗಳಲ್ಲಿ 'ಅಟ್ಲಾಸ್' ಎಂಬುದು ೪೬ ಮೀಟರು ಉದ್ದ, ೨೫ ಮೀಟರು ಎತ್ತರ, ೭,೦೦೦ ಟನ್ನು ತೂಕದ್ದು. ಆದರೆ ಇಂದು ಅದರ ಗಾತ್ರವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಯಂತ್ರವು ಕಂಡುದನ್ನು ಹೊರಗಿರುವ ಮನುಷ್ಯನಿಗೆ ತಿಳಿಸುವ ಬಗೆ ಹೇಗೆ ಎಂಬುದೊಂದನ್ನೇ ಹಿಡಿದುಕೊಳ್ಳೋಣ.

ಕಣಗಳ ಗೊಂಚಲುಗಳು ಒಂದನ್ನೊಂದು ಹಾಯುವುದು ಇಪ್ಪತ್ತೈದು ನ್ಯಾನೋಸೆಕೆಂಡಿಗೆ ಒಮ್ಮೆ, ಅಂದರೆ ಒಂದು ಸೆಕೆಂಡಿನಲ್ಲಿ ನಾಲ್ಕು ಕೋಟಿ ಬಾರಿ. ಶೋಧಕದ ಒಡಲಿನಲ್ಲಿ ಸಿಲಿಕಾನ್ ಹಲಗೆಗಳನ್ನು ಸುತ್ತಲೂ ಜೋಡಿಸಿದ್ದಾರೆ. ೨೦೦೮ರಲ್ಲಿ ಯಂತ್ರವು ಮೊದಲು ಚಾಲೂ ಆದಾಗ ಅಟ್ಲಾಸಿನ ಒಂದು ಭಾಗದಲ್ಲಿಯೇ ಇಂತಹ ೪,೦೮೮ ಘಟಕಗಳಿದ್ದುವು. ಪ್ರತಿಯೊಂದು ಘಟಕಕ್ಕೂ ಹೊರಗಿನಿಂದ ಒಂದು ಎಳೆಯ ಮೂಲಕ ಗಡಿಯಾರದ ಬಡಿತವೂ ಆಜ್ಞೆಯೂ ಹೋಗಬೇಕು. ಒಳಗಿನಿಂದ ಎರಡು ಎಳೆಗಳ ಮೂಲಕ ಉತ್ತರ ಬರಬೇಕು. ಶಾಲೆಯ ಗಂಟೆಯನ್ನು ನೆನೆದುಕೊಳ್ಳಿ. ಗಂಟೆ ಕೇಳದ ತರಗತಿಗೆ ಯಾವ ಪಾಠದ ಹೊತ್ತು ಯಾವುದೆಂದೇ ತಿಳಿಯದು. ಹಾಗೆಯೇ ಬಡಿತ ಮುಟ್ಟದ ಘಟಕವು ಏನನ್ನು ಕಂಡರೂ, ಯಾವ ತಾಕಲಾಟದಲ್ಲಿ ಕಂಡೆನೆಂದು ಹೇಳಲಾರದು. ಹೊತ್ತು ತಿಳಿಯದ ಸಾಕ್ಷಿಯಿಂದ ಪ್ರಯೋಜನವಿಲ್ಲ.

ಈ ಸಂಕೇತಗಳನ್ನು ತಾಮ್ರದ ತಂತಿಯಲ್ಲಿ ಏಕೆ ಕಳುಹಿಸಬಾರದು? ಇಲ್ಲಿಗೆ ನಮ್ಮ ಮೈಕಿನ ಕತೆಯು ಬರುತ್ತದೆ. ತಂತಿಯಲ್ಲಿ ವಿದ್ಯುತ್ಪ್ರವಾಹವು ಏರಿಳಿದಾಗ ಅದರ ಸುತ್ತಣ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಆ ಏರಿಳಿತವು ಪಕ್ಕದ ತಂತಿಯಲ್ಲಿಯೂ ಪ್ರವಾಹವನ್ನು ಹುಟ್ಟಿಸುತ್ತದೆ. ಕಾಂತಕ್ಷೇತ್ರವನ್ನು ರಬ್ಬರು ತಡೆಯದು. ನಮ್ಮ ಬಾಲಕನಿಗೆ ಇದೇ ಉತ್ತರ. ಸಾವಿರಾರು ತಂತಿಗಳು ಒತ್ತೊತ್ತಾಗಿ ಹಾಯುವ ಯಂತ್ರದಲ್ಲಿ ಇಂತಹ ಪಿಸುಗುಡುವಿಕೆಯು ಕೂಡಿದರೆ ನಿಜವಾದ ಸಂಕೇತ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾದೀತು. ಬೆಳಕನ್ನು ಹೊತ್ತ ಗಾಜು ವಿದ್ಯುತ್ತನ್ನು ಹರಿಯಿಸದು. ಒಂದರ ಮಾತು ಇನ್ನೊಂದರ ಕಿವಿಗೆ ಬೀಳದು. ಅಷ್ಟೇ ಅಲ್ಲದೆ ತಾಮ್ರವು ಭಾರವಾದ ಲೋಹ. ಯಾವ ಕಣದ ದಾರಿಯನ್ನು ಅಳೆಯಬೇಕೋ ಆ ಕಣವು ತಂತಿಯ ಕಂತೆಗೇ ತಾಗಿ ದಾರಿತಪ್ಪಿದರೆ ಅಳೆದುದೆಲ್ಲ ವ್ಯರ್ಥ. ಕಾಣಬೇಕಾದುದಕ್ಕೆ ಕಣ್ಣೇ ಅಡ್ಡಬರಬಾರದಷ್ಟೆ. ಕೂದಲಿನಷ್ಟು ಸಪುರವಾದ ಗಾಜಿನ ಎಳೆಯು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ.

ಬೆಳಕು ನೆಟ್ಟಗೆ ಹೋಗತಕ್ಕದ್ದು. ಬಾಗಿದ ಗಾಜಿನೊಳಗೆ ಅದು ಬಾಗುವುದು ಹೇಗೆಂದು ನೀವು ಕೇಳಬಹುದು. ವಾಸ್ತವವಾಗಿ ಅದು ಬಾಗುವುದಿಲ್ಲ, ಒಳಗೋಡೆಗೆ ಓರೆಯಾಗಿ ತಾಗಿ ತಾಗಿ ಹಿಂತಿರುಗುತ್ತ ಮುಂದೆ ಸಾಗುತ್ತದೆ. ಇದಕ್ಕೆ ಸಂಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಇದನ್ನು ಬಾಗಿ ಬೀಳುವ ನೀರಧಾರೆಯಲ್ಲಿ ತೋರಿಸಿ, ೧೮೪೨ರಲ್ಲಿ ಪ್ರಕಟಿಸಿದವರು ಡೇನಿಯಲ್ ಕೊಲಾಡನ್ ಎಂಬ ವಿದ್ವಾಂಸರು. ಅವರೂ ಅದೇ ಜಿನೀವಾ ನಗರದವರೆಂಬುದು ಒಂದು ಸೊಗಸಾದ ಯೋಗಾಯೋಗ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಇದೇ ಉಪಾಯದಿಂದ ದೂರದೂರಕ್ಕೆ ಸಂಕೇತಗಳನ್ನು ಕಳುಹಿಸಬಹುದೆಂದು ೧೯೬೬ರಲ್ಲಿ ಚಾರ್ಲ್ಸ್ ಕಾವೋ ಎಂಬವರು ತಮ್ಮ ಸಹೋದ್ಯೋಗಿಯೊಡನೆ ಲೆಕ್ಕಹಾಕಿ ತೋರಿಸಿದರು. ಅದಕ್ಕಾಗಿ ಕಾವೋ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಗಾಜಿನಲ್ಲಿ ಬೆಳಕು ಇಪ್ಪತ್ತೈದು ನ್ಯಾನೋಸೆಕೆಂಡಿಗೆ ಸುಮಾರು ಐದು ಮೀಟರು ಸಾಗುತ್ತದೆ. ಶೋಧಕದಿಂದ ಹೊರಕೋಣೆಗೆ ನೂರು ಮೀಟರಿನ ಎಳೆಯಿದ್ದರೆ, ಒಂದು ಸುದ್ದಿ ಹೊರಗೆ ಮುಟ್ಟುವುದರೊಳಗೆ ಒಳಗೆ ಇಪ್ಪತ್ತು ಹೊಸ ತಾಕಲಾಟಗಳಾಗಿರುತ್ತವೆ. ಏಳನೆಯ ತರಗತಿಯವರು ಈ ಲೆಕ್ಕವನ್ನು ಮನೆಯಲ್ಲಿ ಮಾಡಿನೋಡಿ.

ಎಳೆಯ ಒಂದು ತುದಿಯಲ್ಲಿ ರಾಗಿ ಕಾಳಿಗಿಂತಲೂ ಚಿಕ್ಕದಾದ ಲೇಸರು ಕುಳಿತು ಮಿನುಗುತ್ತದೆ. ಇನ್ನೊಂದು ತುದಿಯಲ್ಲಿ ಬೆಳಕನ್ನು ಮರಳಿ ವಿದ್ಯುತ್ತಾಗಿಸುವ ಸಾಧನವಿದೆ. ಬೆಳಕೆಂದೆವಾದರೂ ಅದು ಕೆಂಪಿನಿಂದಾಚೆಯದು, ನಮ್ಮ ಕಣ್ಣಿಗೆ ಕಾಣದು. ಇದೇ ಬಗೆಯ ಲೇಸರುಗಳನ್ನು ಗಣಕಯಂತ್ರಗಳ ಜೋಡಣೆಗೂ ಬಳಸುತ್ತಾರೆ. ಹಾಗಿದ್ದರೆ ಅಂಗಡಿಯಿಂದ ತಂದು ಜೋಡಿಸಿದರೆ ಸಾಲದೇ? ಸಾಲದು. ಶೋಧಕದ ಒಡಲು ವಿಕಿರಣದ ಬೀಡು. ವರ್ಷಾನುವರ್ಷ ಕಣಗಳ ಏಟು ಬಿದ್ದು ಲೇಸರಿನ ಹರಳಿನಲ್ಲಿ ಪರಮಾಣುಗಳು ಸ್ಥಾನಪಲ್ಲಟಗೊಳ್ಳುತ್ತವೆ; ಮೊದಲಿನಷ್ಟು ಬೆಳಕನ್ನು ಕೊಡಬೇಕಾದರೆ ಹೆಚ್ಚು ಪ್ರವಾಹ ಬೇಕಾಗುತ್ತದೆ. ಗಾಜು ಕೂಡ ಮಸಿ ಹಿಡಿದ ಲಾಂದ್ರದ ಬುರುಡೆಯಂತೆ ಕಪ್ಪಾಗುತ್ತದೆ. ರಂಜಕ ಬೆರೆಸಿದ ಗಾಜಂತೂ ಬೇಗನೆ ಮಂಕಾಗುತ್ತದೆಂದು ಕಂಡು ಅದನ್ನು ದೂರವಿಟ್ಟರು. ಇದಲ್ಲದೆ, ಹಾರಿಬಂದ ಕಣವೊಂದು ಬೆಳಕನ್ನು ಹಿಡಿಯುವ ಸಾಧನಕ್ಕೆ ತಾಗಿದರೆ, ಯಾರೂ ಕಳುಹಿಸದ ಅಕ್ಷರವೊಂದು ಸಂದೇಶದಲ್ಲಿ ಮೂಡಿಬಿಡುತ್ತದೆ.

ಇದಕ್ಕೆಲ್ಲ ಪರೀಕ್ಷೆಯೇ ಮದ್ದು. ಅಟ್ಲಾಸಿನ ಜೊತೆಗಾರ ಶೋಧಕವಾದ 'ಸಿ.ಎಂ.ಎಸ್.'ಗೆ ಸುಮಾರು ನಲವತ್ತು ಸಾವಿರ ಬೆಳಕಿನ ಎಳೆಗಳು ಬೇಕಾಗಿದ್ದುವು. ಅದರ ಲೇಸರುಗಳ ಮಾದರಿಗಳನ್ನು ಬೆಲ್ಜಿಯಂ ದೇಶದ ಲೂವೆನ್-ಲಾ-ನ್ಯೂವ್ ಎಂಬಲ್ಲಿ ನ್ಯೂಟ್ರಾನುಗಳ ಧಾರೆಗೆ ಒಡ್ಡಿ ನೋಡಿದರು. ಹಲವು ವರ್ಷಗಳ ಏಟನ್ನು ಕೆಲವೇ ಗಂಟೆಗಳಲ್ಲಿ ಕೊಟ್ಟು, ಯಾವುದು ತಾಳುತ್ತದೆ, ಎಷ್ಟು ಮಂಕಾಗುತ್ತದೆ, ಬಿಟ್ಟರೆ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡರು. ಇಷ್ಟೊಂದು ಜಾಗ್ರತೆಗೆ ಕಾರಣವಿದೆ. ಒಮ್ಮೆ ಶೋಧಕವನ್ನು ಮುಚ್ಚಿದ ಮೇಲೆ ಒಡಲಿನ ಒಂದು ಲೇಸರು ಕೆಟ್ಟಿತೆಂದು ಅದನ್ನು ಬಿಚ್ಚಲಾಗದು. ಬಾವಿಯ ಪಂಪನ್ನು ಮೇಲೆತ್ತಿ ರಿಪೇರಿ ಮಾಡಿದಂತಲ್ಲ ಅದು.

ಹೀಗೆ ಒಳಗಿನವುಗಳಿಗಾಗಿ ಇಷ್ಟೆಲ್ಲ ಚಿಂತಿಸಿದರಲ್ಲ. ಅಟ್ಲಾಸಿನಲ್ಲಿ ಕೈಕೊಟ್ಟುದು ಯಾವುದು ಗೊತ್ತೇ? ಹೊರಗಿನದು! ಮೊದಲು ಹೇಳಿದ ಗಡಿಯಾರದ ಬಡಿತವನ್ನು ಕಳುಹಿಸುವ ಲೇಸರುಗಳು ವಿಕಿರಣದ ಸುಳಿವೇ ಇಲ್ಲದ, ಮನುಷ್ಯರು ಓಡಾಡುವ ಕೋಣೆಯಲ್ಲಿದ್ದುವು. ಹನ್ನೆರಡು ಹನ್ನೆರಡರ ಸಾಲುಗಳಾಗಿದ್ದ ಅವು ೨೦೦೯ರ ಸುಮಾರಿಗೆ ಒಂದೊಂದಾಗಿ ಸಾಯತೊಡಗಿದುವು. ಜೋಡಿಸುವಾಗ ಕೈಯಿಂದ ಹಾರಿದ ಸ್ಥಿರವಿದ್ಯುತ್ತಿನ ಕಿಡಿಯೇ ಕಾರಣವಿರಬೇಕೆಂದು ಬಗೆದು, ಹೆಚ್ಚು ಎಚ್ಚರಿಕೆಯಿಂದ ಹೊಸ ಸಾಲುಗಳನ್ನು ಮಾಡಿಸಿ ಹಾಕಿದರು. ೨೦೧೦ರಲ್ಲಿ ಆ ಹೊಸವೂ ಸತ್ತುವು. ಮತ್ತೆ ಮೊದಲಿನಿಂದ ಹುಡುಕಿ, ಸತ್ತ ಲೇಸರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ತೇವದಲ್ಲಿಯೂ ಒಣಗಾಳಿಯಲ್ಲಿಯೂ ಇಟ್ಟು ಹೋಲಿಸಿದಾಗ ಕಳ್ಳನು ಸಿಕ್ಕಿಬಿದ್ದನು. ಗಾಳಿಯಲ್ಲಿದ್ದ ಸಾಧಾರಣ ತೇವವೇ ಆ ಕಳ್ಳ. ಒಳಗಿನ ಲೇಸರುಗಳಿದ್ದ ಜಾಗವನ್ನು ಒಣಗಿಸಿಯೇ ಇಟ್ಟಿದ್ದರಾದುದರಿಂದ ಅವಕ್ಕೆ ಆ ಕಾಟವಿರಲಿಲ್ಲ. ಆಟಿಯ ತಿಂಗಳಿನಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕಕ್ಕೂ ಬೂಸಲು ಹಿಡಿಯುವುದನ್ನು ಕಂಡ ನಮ್ಮ ತಾಯಂದಿರನ್ನು ಕೇಳಿದ್ದರೆ ಬೇಗನೆ ಹೇಳುತ್ತಿದ್ದರೇನೋ ಎಂದು ನಮಗೆ ವಿನೋದವಾಗಿ ಅನ್ನಿಸಿದುದುಂಟು. ಆದರೆ ನಗುವ ಮೊದಲು ಒಂದನ್ನು ಗಮನಿಸಬೇಕು. ಮೊದಲನೆಯ ಊಹೆ ತಪ್ಪಿದುದನ್ನು ಅವರು ಮುಚ್ಚಿಡಲಿಲ್ಲ. ಎಲ್ಲವನ್ನೂ ಬರೆದು ಪ್ರಕಟಿಸಿದರು. ಆದುದರಿಂದಲೇ ಈ ದೂರದ ಊರಿನಲ್ಲಿ ನಮಗೂ ಅದು ತಿಳಿಯಿತು.

ಅಷ್ಟರವರೆಗೆ ಯಂತ್ರದ ಗತಿಯೇನಾಯಿತು? ಮುಂದಾಲೋಚನೆಯಿದ್ದವರು ಮೊದಲೇ ಒಂದು ಏರ್ಪಾಟು ಮಾಡಿದ್ದರು. ತನ್ನ ಬಡಿತವು ನಿಂತುಹೋದ ಘಟಕವು ನೆರೆಯ ಘಟಕದಿಂದ ಬಡಿತವನ್ನು ಪಡೆದುಕೊಳ್ಳಬಹುದಾಗಿತ್ತು. ನಮ್ಮ ಗಂಟೆ ಕೇಳಿಸದಿದ್ದರೆ ಪಕ್ಕದ ತರಗತಿಯವರನ್ನು ಕೇಳಿ ಪುಸ್ತಕ ತೆರೆದಂತೆ. ಅದರಿಂದ ಅಳತೆಗೆ ಹೆಚ್ಚಿನ ಭಂಗ ಬರಲಿಲ್ಲ. ಈ ನಡುವೆ ಪೆಟ್ಟಿಗೆಗಳಿಗೆ ಒಣಗಾಳಿಯನ್ನು ಊದಿಸಿದರು. ತರುವಾಯ ತೇವವನ್ನು ತಾಳುವ ಲೇಸರುಗಳನ್ನು ತಂದು ಹಾಕಿದರು. ೨೦೧೨ರ ಜುಲೈ ೪ರಂದು ಹಿಗ್ಸ್ ಕಣವನ್ನು ಕಂಡೆವೆಂದು ಅಟ್ಲಾಸಿನವರೂ ಸಿ.ಎಂ.ಎಸ್.ನವರೂ ಜಗತ್ತಿಗೆ ಸಾರಿದರು. ಪತ್ರಿಕೆಗಳಲ್ಲಿ ಆ ಸುದ್ದಿಯನ್ನು ಓದಿದವರಲ್ಲಿ ಲೇಸರಿನ ಈ ಕಷ್ಟವನ್ನು ಅರಿತವರು ಎಷ್ಟು ಮಂದಿಯಿದ್ದಾರು!

ಇನ್ನು ಮುಂದಿನ ಯಂತ್ರದ ಮಾತು. ೨೦೩೦ರ ಸುಮಾರಿಗೆ ತಾಕಲಾಟಗಳನ್ನು ಬಹುಪಾಲು ಹೆಚ್ಚಿಸಬೇಕೆಂದು ಗೊತ್ತುಮಾಡಿದ್ದಾರೆ. ಅದಕ್ಕಾಗಿ ಬೇರೆ ಬೇರೆ ಶೋಧಕಗಳವರು ತಮ್ಮ ತಮ್ಮದೇ ಎಳೆಗಳನ್ನು ಮಾಡಿಕೊಳ್ಳುವ ಬದಲು, ಎಲ್ಲರಿಗೂ ಹೊಂದುವ ಒಂದೇ ಜೋಡಣೆಯನ್ನು ಸರ್ನ್ ಮತ್ತು ಅದರ ಜೊತೆಗಾರ ಸಂಸ್ಥೆಗಳು ಸೇರಿ ರೂಪಿಸಿವೆ. ಇಪ್ಪತ್ತು ಮಿಲಿಮೀಟರು ಉದ್ದ, ಹತ್ತು ಅಗಲ, ಎರಡೂವರೆ ದಪ್ಪದ ಒಂದು ಬಿಲ್ಲೆ. ಅದರಲ್ಲಿ ಹೊರಗೆ ಕಳುಹಿಸುವ ನಾಲ್ಕು ಎಳೆ, ಒಳಗೆ ಪಡೆಯುವ ಒಂದು ಎಳೆ. ಹಿಂದಿನ ಅಟ್ಲಾಸಿನ ಒಂದೊಂದು ಎಳೆಯು ಸೆಕೆಂಡಿಗೆ ನಾಲ್ಕು ಕೋಟಿ ಸೊನ್ನೆ-ಒಂದುಗಳನ್ನು ಸಾಗಿಸುತ್ತಿತ್ತು. ಹೊಸದರ ಒಂದೊಂದು ಎಳೆಯು ೧,೦೨೪ ಕೋಟಿಯನ್ನು ಸಾಗಿಸಬಲ್ಲುದು. ಇದು ೨೫೬ ಪಟ್ಟು. ಇನ್ನೂರು ಪುಟದ ಕನ್ನಡ ಪಠ್ಯಪುಸ್ತಕಗಳಾದರೆ ಒಂದು ಸೆಕೆಂಡಿಗೆ ಸಾವಿರಕ್ಕೂ ಮೇಲ್ಪಟ್ಟು! ಇದರಲ್ಲಿ ಸ್ವಲ್ಪ ಪಾಲನ್ನು ತಪ್ಪು ತಿದ್ದುವುದಕ್ಕೆಂದೇ ಮೀಸಲಿಟ್ಟಿದ್ದಾರೆ. ನಾವು ಕೂಡಿಸಿದ ಲೆಕ್ಕವನ್ನು ತಾಳೆನೋಡುವಂತೆ, ಸಂದೇಶದೊಡನೆ ಕೆಲವು ಹೆಚ್ಚಿನ ಅಂಕೆಗಳೂ ಹೋಗುತ್ತವೆ. ವಿಕಿರಣದಿಂದ ಒಂದೆರಡು ಅಕ್ಷರ ಕೆಟ್ಟರೆ ಅವುಗಳ ಸಹಾಯದಿಂದ ಹೊರಗಿನವರು ಮೂಲವನ್ನು ಪುನಃ ಬರೆದುಕೊಳ್ಳಬಹುದು.

ಪೋಷಕ ಮಹನೀಯರಲ್ಲಿ ಒಂದು ಅರಿಕೆ. ಲೇಸರು, ಪ್ರೋಟಾನು, ಸಿಲಿಕಾನ್ ಎಂಬ ಪರಭಾಷೆಯ ಶಬ್ದಗಳನ್ನು ನಾವು ಇಂದು ಧಾರಾಳವಾಗಿಯೇ ಬಳಸಿದೆವು, ಅದಕ್ಕಾಗಿ ಸಂಕೋಚಪಡಲಿಲ್ಲ. ಮುಂದೆ ಇಂಗ್ಲಿಷಿನಲ್ಲಿ ಓದುವಾಗ ಮಕ್ಕಳಿಗೆ ಅವೇ ಶಬ್ದಗಳು ಎದುರಾಗುತ್ತವೆ. ಮಧ್ಯದಲ್ಲಿ ಅರ್ಥವಾಗದೆ ಉಳಿದುದು ಯಾವುದೆಂದು ಇಂದು ರಾತ್ರಿ ಮಕ್ಕಳನ್ನು ಕೇಳಿನೋಡಿ, ನಾಳೆ ನಮಗೆ ಹೇಳಿ ಕಳುಹಿಸಿ. ಆ ಭಾಗವನ್ನು ತರಗತಿಯಲ್ಲಿ ಮತ್ತೊಮ್ಮೆ ಹೇಳುತ್ತೇವೆ.

ಈಗ ಕಿಟಕಿಗಳನ್ನು ಮುಚ್ಚಲು ಹತ್ತನೆಯ ತರಗತಿಯವರಿಗೆ ತಿಳಿಸಿದ್ದೇವೆ. ಮೇಜಿನ ಮೇಲಿರುವ ಬಾಟಲಿಯ ಬುಡದ ಹತ್ತಿರ ಒಂದು ತೂತಿದೆ. ಹಿಂದಿನಿಂದ ಟಾರ್ಚಿನ ಬೆಳಕು ಬೀಳುವಂತೆ ಇಟ್ಟಿದ್ದೇವೆ. ಬಿರಡೆಯನ್ನು ತೆಗೆದಾಗ ನೀರು ಬಾಗಿ ಬಕೇಟಿಗೆ ಬೀಳುವುದು. ಬೆಳಕು ಎಲ್ಲಿ ಬೀಳುವುದೆಂಬುದನ್ನು ನೀವೇ ನೋಡತಕ್ಕದ್ದು. ಚಿಕ್ಕ ಮಕ್ಕಳು ಮುಂದಕ್ಕೆ ಬನ್ನಿ.